ಸವದತ್ತಿಯ ಪಾಸ್‌ವರ್ಡ್

ಮೇಲ್ ಕಳಿಸಿದ ಮೇಲೆ ಫೋನ್ ಮಾಡಿ ತಿಳಿಸುವುದು ನಮ್ಮ ಒಕ್ಕೂಟದ ರೂಢಿಯಾಗಿತ್ತು. ರಾಮದುರ್ಗದ ಮ್ಯಾನೇಜರರು "ಮೇಲ್ ಹಾಕೇನ್ರಿ ಬಾಯಾರ, ಬಂತೇನ್ ನೋಡ್ರಿ" ಅನ್ನುವರು. ನಾನು ಬೈಲಹೊಂಗಲದ ಕಚೇರಿಯಲ್ಲಿ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮೇಲ್ ಪೆಟ್ಟಿಗೆ ತೆರೆದು, "ಬಂದೈತ್ರಿ" ಅನ್ನಬೇಕು. ಆಮೇಲೆ ಮೇಲ್‌ನಲ್ಲಿ ಬರೆದದ್ದನ್ನೆಲ್ಲ ಅವರೇ ಬಾಯಿಂದ ಒಪ್ಪಿಸುವರು. ಹಾಗಾದರೆ ಮೇಲ್ ಯಾಕೆ ಬೇಕು ಅಂತ ಒಮ್ಮೆ ರೇಗಿ ಕೇಳಿದ್ದೆ. "ಇರ್ಲಿ ಬಿಡ್ರಿ, ಸರಕಾರದವ್ರು ಕಂಪ್ಯೂಟರ್ ಕೊಟ್ಟಾರ, ಅದಕ್ಕೂ ಒಂದ್ ಕೆಲಸ ಬೇಕಲ್ಲ" ಅಂದಿದ್ದರು. ಈಗ ದಿನಕ್ಕೆ ನೂರಾರು ಮೇಲ್ ಸದ್ದಿಲ್ಲದೆ ಬಂದು ಬೀಳುತ್ತವೆ, ಯಾರೂ ಫೋನ್ ಮಾಡಿ ಬಂತೇನು ಅಂತ ಕೇಳುವುದಿಲ್ಲ. ಆ ಕೇಳುವಿಕೆ ಎಷ್ಟು ಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಮ್ಮದು ನೇಕಾರರ ಸಹಕಾರಿ ಒಕ್ಕೂಟ. ಮಗ್ಗಗಳು ರಾಮದುರ್ಗದಲ್ಲಿ, ಸೀರೆ ಮಾರುವ ಅಂಗಡಿಗಳು ಕಿತ್ತೂರು ಮತ್ತು ಸವದತ್ತಿಯಲ್ಲಿ, ಮುಖ್ಯ ಕಚೇರಿ ಬೈಲಹೊಂಗಲದಲ್ಲಿ. ಯಾವುದೋ ಯೋಜನೆಯಲ್ಲಿ ನಾಲ್ಕೂ ಕಡೆ ಕಂಪ್ಯೂಟರ್ ಬಂದವು. ಬೈಲಹೊಂಗಲಕ್ಕೆ ದಿನವಿಡೀ ಇಂಟರ್ನೆಟ್ ಇರುವ ಲೀಸ್ಡ್ ಲೈನ್ ಬಂತು. ಉಳಿದ ಊರಿನವರು ಫೋನ್ ಲೈನಿಗೆ ಮೋಡೆಮ್ ಹಚ್ಚಿ, ಅದು ಕಿರುಚಿ ಕಿರುಚಿ ಸುಮ್ಮನಾದ ಮೇಲೆ ಒಳಗೆ ಬರಬೇಕು. ಒಕ್ಕೂಟದಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ, ಹಾಗಾಗಿ ಎಲ್ಲರ ಬಾಯಲ್ಲೂ ನಾನು 'ಕಂಪ್ಯೂಟರ್ ಬಾಯಾರ', ಅಂದರೆ ಕಂಪ್ಯೂಟರ್ ಮೇಡಂ.

ನಮ್ಮದೇ ಮೇಲ್ ಸರ್ವರ್ ಇಟ್ಟುಕೊಳ್ಳೋಣ ಅಂದವಳೂ ನಾನೇ. ಹಳೆಯ ಕಂಪ್ಯೂಟರೊಂದಕ್ಕೆ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದೆ, ಅದರ ಮೇಲೆ ಮೇಲ್ ತಂತ್ರಾಂಶ ಕೂರಿಸಿದೆ. ಜಾಗ ಸಿಕ್ಕಿದ್ದು ನೂಲಿನ ಗೋದಾಮಿಗೆ ಹೊಂದಿಕೊಂಡ ಕೋಣೆಯಲ್ಲಿ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಫ್ಯಾನಿಗೆ ಸುತ್ತಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಸರ್ವರ್ ಬಿಚ್ಚಿ, ಬಣ್ಣ ಬಳಿಯುವ ಬ್ರಶ್ಶಿನಿಂದ ಅದರ ಹೊಟ್ಟೆ ಗುಡಿಸುತ್ತಿದ್ದೆ. ಪ್ರತಿ ಕಚೇರಿಗೂ ಅದರ ಊರ ಹೆಸರಿನದೇ ಒಂದು ಪೆಟ್ಟಿಗೆ. ಶಾಖೆಯವರು ಇಂಟರ್ನೆಟ್ಟಿಗೆ ಬಂದಾಗಲೆಲ್ಲ ಅವರ ಕಂಪ್ಯೂಟರಿನ ವಿಳಾಸ ಬದಲಾಗುತ್ತಿದ್ದುದರಿಂದ, ಹೆಸರು ಮತ್ತು ಪಾಸ್‌ವರ್ಡ್ ಸರಿಯಾಗಿ ಹೇಳಿದವರು ಎಲ್ಲಿಂದ ಬಂದರೂ ಅವರ ಮೇಲ್ ಒಯ್ದು ಮುಟ್ಟಿಸು ಎಂದು ಸರ್ವರಿಗೆ ಹೇಳಿಟ್ಟಿದ್ದೆ. ಅಕ್ಷರ, ಅಂಕಿ ಕಲಸಿದ ಗಟ್ಟಿ ಪಾಸ್‌ವರ್ಡ್‌ಗಳನ್ನು ಎಲ್ಲರಿಗೂ ಮಾಡಿ ಕೊಟ್ಟಿದ್ದೆ. ಬೇಕಾದವರು ಬದಲಿಸಿಕೊಳ್ಳಲಿ ಅಂತ ಅದಕ್ಕೊಂದು ಪುಟವೂ ಇತ್ತು.

ಸವದತ್ತಿ ಅಂಗಡಿ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅವರ ಗಂಡ ಒಕ್ಕೂಟದ ನೇಕಾರ. ಆತ ತೀರಿಕೊಂಡ ಮೇಲೆ ಕಾಕುಗೆ ಅಂಗಡಿಯ ಕೆಲಸವನ್ನೂ ಅಂಗಡಿಯ ಹಿಂದಿನ ಎರಡು ಕೋಣೆಗಳನ್ನೂ ಒಕ್ಕೂಟ ಕೊಟ್ಟಿತ್ತು. ಕೆಲಸವೂ ಮನೆಯೂ ಒಂದೇ ಬಾಗಿಲಿನ ಒಳಗೆ. ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದರು, ಪ್ರತಿ ಅಕ್ಷರ ಹುಡುಕುವಾಗಲೂ "ಎಲ್ಲಿ ಹೊಕ್ಕಾನ ಇವಾ" ಅಂತ ಗೊಣಗುತ್ತಿದ್ದರು. ನಾನು ಅಲ್ಲಿಗೆ ಹೋದ ದಿನ ಊಟ ಮಾಡದೆ ಬಸ್ ಹತ್ತಲು ಬಿಟ್ಟದ್ದೇ ಇಲ್ಲ.

ಸರ್ವರ್ ಶುರುವಾಗಿ ಕೆಲ ತಿಂಗಳಿಗೆ ಕಸದ ಮೇಲ್‌ಗಳ ಕಾಟ ಹತ್ತಿಕೊಂಡಿತು. ಮಾತ್ರೆಗಳ ಜಾಹೀರಾತು, ನಾವು ಕೊಳ್ಳದ ಲಾಟರಿಯ ಬಹುಮಾನ, ದೂರದ ದೇಶದ ಸತ್ತ ಸೇನಾಧಿಕಾರಿಯ ಹೆಂಡತಿಯ ಕಷ್ಟದ ಕಥೆ. ಈ ಕೊನೆಯದನ್ನು ಕಾಕು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿ ನನಗೆ ಫೋನ್ ಮಾಡಿದರು.

"ಬಾಯಾರ, ಪಾಪ ಆಕಿಗೂ ಗಂಡ ಇಲ್ಲಂತ್ರಿ. ರೊಕ್ಕಾ ಏನ್ ನಮಗ ಬ್ಯಾಡ, ಸಮಾಧಾನದ ನಾಕ್ ಮಾತ್ ಬರೀಲೇನ್ರಿ?"

"ಕಾಕು, ಅದು ಹೆಂಗಸಲ್ರಿ, ಕಳ್ಳರು. ಬರೀಬ್ಯಾಡ್ರಿ."

"ಹೌದೇನ್ರಿ? ಓದಿದ್ರ ಕಣ್ಣಾಗ ನೀರ ಬಂತಲ್ರಿ ನನಗ" ಅಂದರು. ಈ ಮಾತು ಹೇಗೋ ಕಚೇರಿಯಲ್ಲೆಲ್ಲ ಹಬ್ಬಿ ಎಲ್ಲರೂ ನಕ್ಕರು. ಕಾಕು ತಾವೂ ನಕ್ಕರು.

ಕಸ ತಡೆಯಲು ಮೊದಲು ನಾನು ಮಾಡಿದ್ದು ಪದಗಳ ಬೇಲಿ. ಜಾಹೀರಾತಿನವರು ಹೆಚ್ಚು ಬಳಸುವ ಪದಗಳಿದ್ದ ಮೇಲ್‌ಗಳನ್ನು ಸರ್ವರ್ ಬಾಗಿಲಲ್ಲೇ ಎಸೆಯುವಂತೆ ಮಾಡಿದೆ. 'ಫ್ರೀ' ಎಂಬ ಪದವನ್ನೂ ಬೇಲಿಗೆ ಸೇರಿಸಿದ್ದೆ. ಮುಂಬಯಿಯ ಸೀರೆ ವ್ಯಾಪಾರಿಯೊಬ್ಬರು ಯಾವಾಗ ಫ್ರೀ ಇರ್ತೀರಿ, ಮಾತಾಡೋಣ ಅಂತ ಬರೆದದ್ದು ಹಾಗೇ ಕಸಕ್ಕೆ ಹೋಯಿತು. ಅವರು ಸಿಟ್ಟಾಗಿ ಫೋನ್ ಮಾಡಿದಾಗಲೇ ಗೊತ್ತಾದದ್ದು. ಆಮೇಲೆ ಪ್ರತಿ ಮೇಲ್‌ಗೂ ಅಂಕ ಹಾಕಿ ಅಳೆಯುವ ತಂತ್ರಾಂಶ ತಂದೆ. ಒಳ್ಳೆಯದೇ ಆಗಿತ್ತು, ಆದರೆ ನಮ್ಮ ಮುದಿ ಯಂತ್ರದ ಕೈಲಿ ಅದು ಆಗಲಿಲ್ಲ. ಬೆಳಿಗ್ಗೆ ಬಂದ ಮೇಲ್ ಅಳೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. "ಬಂತೇನ್ರಿ?" ಅಂತ ರಾಮದುರ್ಗದಿಂದ ಫೋನ್, "ಇನ್ನೂ ಇಲ್ರಿ" ಅಂತ ನಾನು. ತಲೆ ಚಿಟ್ಟು ಹಿಡಿದುಹೋಗಿತ್ತು.

ಆಗ ಒಂದು ಉಪಾಯದ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿದೆ. ಗುರುತಿಲ್ಲದ ಕಡೆಯಿಂದ ಮೊದಲ ಸಲ ಮೇಲ್ ಬಂದರೆ ಅದನ್ನು ಬೇಡ ಅನ್ನಬಾರದು, ಬಾ ಅಂತಲೂ ಅನ್ನಬಾರದು. ಈಗ ಬಿಡುವಿಲ್ಲ, ಸ್ವಲ್ಪ ತಡೆದು ಬಾ ಅನ್ನಬೇಕು. ಸರಿಯಾದ ಸರ್ವರ್ ಆದರೆ ಕಾದು ಮತ್ತೆ ಬರುತ್ತದೆ. ಕಸ ಎರಚುವ ಪ್ರೋಗ್ರಾಮಿಗೆ ಮತ್ತೆ ಬರುವ ತಾಳ್ಮೆಯಿಲ್ಲ, ಅದು ಮುಂದಿನ ಮನೆಗೆ ಹೋಗಿಬಿಡುತ್ತದೆ.

ಓದುತ್ತಾ ಕುಳಿತಿದ್ದಾಗ ಹೊರಗಿನ ಮೇಜಿನಿಂದ ನಮ್ಮ ಕಾರ್ಯದರ್ಶಿಯವರ ಧ್ವನಿ ಕೇಳಿಸಿತು. ಬಿಳಿ ಧೋತರ, ಬಿಳಿ ಟೊಪ್ಪಿಗೆಯ ಹಿರಿಯರು. ಗುರುತಿಲ್ಲದವರು ಯಾರೇ ಬಾಗಿಲಿಗೆ ಬಂದರೂ, ಬಣ್ಣದ ದಲಾಲರಿರಲಿ, ವಿಮೆಯವರಿರಲಿ, ಅವರದು ಒಂದೇ ಮಾತು: "ಚಾ ಕುಡದು ಬರ್ರಿ." ಚಹಾ ಅಂಗಡಿ ಎದುರಿಗೇ ಇತ್ತು. ನಿಜವಾದ ಕೆಲಸವಿದ್ದವರು ಚಹಾ ಮುಗಿಸಿ ಮರಳಿ ಬರುತ್ತಿದ್ದರು, ಸುಮ್ಮನೆ ಬಂದವರು ಹಾಗೇ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಹೋಗಿ ಅವರಿಗೆ ಇದನ್ನೆಲ್ಲ ವಿವರಿಸಿದೆ.

"ಅಂದ್ರ ನಾನೂ ಒಂದು ಸರ್ವರ್ ಅನ್ರಿ" ಅಂದರು ಅವರು, ಮೀಸೆಯೊಳಗೇ ನಗುತ್ತಾ.

'ಚಾ ಕುಡದು ಬರ್ರಿ' ಉಪಾಯ ಸರ್ವರಿನಲ್ಲಿ ಜಾರಿಯಾಯಿತು. ಹೊಸ ಗಿರಾಕಿಯ ಮೊದಲ ಮೇಲ್ ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ. ಮಾತ್ರೆಯವರೂ ಲಾಟರಿಯವರೂ ಬಹುಪಾಲು ಕಣ್ಮರೆಯಾದರು. ನಾನು ಬೀಗಿದೆ. ಮುಂಬಾಗಿಲು ಭದ್ರವಾಯಿತಲ್ಲ, ಹಿತ್ತಲ ಕಡೆ ನೋಡುವುದು ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಒಕ್ಕೂಟದ ಅಧ್ಯಕ್ಷರು ಕೈಯಲ್ಲಿ ಒಂದು ಹಾಳೆ ಹಿಡಿದು ಬಂದರು. ದೊಡವಾಡದವರು, ಒಳ್ಳೆಯವರು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಹಾಳೆಯನ್ನು ಕಾರ್ಯದರ್ಶಿಯವರ ಮೇಜಿನ ಮೇಲೆ ಬೋರಲು ಹಾಕಿ ನನ್ನ ಕಡೆ ನೋಡಿದರು.

"ಬಾಯಾರ, ನೀವ್ ಒಂದ್ ಸ್ವಲ್ಪ ಹೊರಗ ಹೋಗ್ರಿ. ಇದು ಹೆಣ್ಣಮಕ್ಕಳು ಓದೂದಲ್ಲ."

"ಮಾತ್ರೆ ಜಾಹೀರಾತೇನ್ರಿ ಸಾಹೇಬ್ರ? ಅಂಥಾವನ್ನ ದಿನಾ ಮುಂಜಾನೆ ನಾನ ಕಸಾ ಹೊಡದಂಗ ಹೊಡೀತೇನ್ರಿ. ಕೊಡ್ರಿ ಇಲ್ಲೆ."

ಹಾಳೆ ಓದಿದೆ. ಮಾತ್ರೆಯ ಹೊಲಸು ಜಾಹೀರಾತೇ. ಆದರೆ ಅದು ನಮಗೆ ಬಂದದ್ದಲ್ಲ, ನಮ್ಮಿಂದ ಹೋದದ್ದು. ನಮ್ಮ ಸೀರೆಗಳ ಹಳೆಯ ಗಿರಾಕಿಯಾದ ಧಾರವಾಡದ ಪ್ರಾಚಾರ್ಯರೊಬ್ಬರಿಗೆ ಮುಟ್ಟಿತ್ತು. ಕಳಿಸಿದವರ ಜಾಗದಲ್ಲಿ ಸವದತ್ತಿ ಅಂಗಡಿಯ ವಿಳಾಸ.

"ಯಾರ ಹೆಸರನ್ನಾದರೂ ಯಾರಾದರೂ ಹಾಕಬಹುದ್ರಿ, ಲಕೋಟೆ ಹಿಂದ ಹೆಸರ ಬರದಂಗ" ಎಂದು ಧೈರ್ಯವಾಗಿ ಹೇಳಿ ಒಳಗೆ ಹೋದೆ. ಸರ್ವರಿನ ದಾಖಲೆ ತೆರೆದೆ. ಹೆಸರು ಕದ್ದದ್ದಲ್ಲ. ಮೇಲ್ ನಿಜವಾಗಿ ನಮ್ಮ ಯಂತ್ರದಿಂದಲೇ ಹೊರಟಿತ್ತು, ಸವದತ್ತಿಯ ಹೆಸರು ಮತ್ತು ಸರಿಯಾದ ಪಾಸ್‌ವರ್ಡ್ ಹೇಳಿಯೇ ಹೊರಟಿತ್ತು. ಒಂದಲ್ಲ, ಸಾವಿರಾರು. ಇನ್ನೂ ಸಾವಿರಾರು ಸರತಿಯಲ್ಲಿ ನಿಂತಿದ್ದವು. ನಾನು ನೋಡುತ್ತಿದ್ದಂತೆಯೇ ಒಂದೊಂದಾಗಿ ಹೋಗುತ್ತಿದ್ದವು.

ಯಾರನ್ನೂ ಕೇಳಲಿಲ್ಲ, ಸರ್ವರಿನ ಹಿಂದಿನ ಕೇಬಲ್ ಕಿತ್ತೆ. ನಾಲ್ಕೂ ಊರಿನ ಮೇಲ್ ಒಮ್ಮೆಗೇ ಬಂದ್ ಆಯಿತು. ರಾಮದುರ್ಗಕ್ಕೆ ಹೋಗಬೇಕಿದ್ದ ಸೀರೆ ಅಂಚಿನ ನಕ್ಷೆಗಳನ್ನು ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ, ಮೊದಲಿನಂತೆ ಬಸ್ ಕಂಡಕ್ಟರರ ಕೈಗೆ ಕೊಟ್ಟೆವು. ಮ್ಯಾನೇಜರರು ಬಸ್ ಸ್ಟ್ಯಾಂಡಿಗೆ ಬಂದು ಇಸಿದುಕೊಂಡು, ಅದಕ್ಕೂ ಫೋನ್ ಮಾಡಿ "ಬಂತ್ರಿ" ಅಂದರು.

ಸರ್ವರ್ ಸರಿ ಮಾಡುವುದು ನನ್ನ ಕೆಲಸ, ಮಾಡಬಲ್ಲೆ. ಆದರೆ ಅಧ್ಯಕ್ಷರು ಆಗಲೇ ತೀರ್ಮಾನಕ್ಕೆ ಬಂದಿದ್ದರು.

"ಆಕಿ ಪಾಸ್‌ವರ್ಡ್ ಯಾರಿಗೋ ಕೊಟ್ಟಾಳ. ಹಿಂದ ಅಂಥಾ ಮೇಲಿಗೆ ಉತ್ತರಾ ಬರ್ಯಾಕ ಹೊಂಟಾಕಿ ಆಕಿನ ಅಲ್ಲೇನು? ರೊಕ್ಕಕ್ಕ ಕೊಟ್ಟಳೋ, ತಿಳೀದ ಕೊಟ್ಟಳೋ, ಒಟ್ಟ ಒಕ್ಕೂಟದ ಮಾನಾ ಹೋತು. ಸೋಮವಾರ ಮೀಟಿಂಗಿಗೆ ಕರೀರಿ. ಅಂಗಡಿ ಬ್ಯಾರೇದವ್ರಿಗೆ ಕೊಡೂಣು."

ಅಂಗಡಿ ಹೋದರೆ ಹಿಂದಿನ ಎರಡು ಕೋಣೆಗಳೂ ಹೋಗುತ್ತವೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಾರ್ಯದರ್ಶಿಯವರು ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು.

ನಾನು ದಾಖಲೆಯನ್ನು ಮತ್ತೆ ಸಾಲು ಸಾಲಾಗಿ ಓದಿದೆ. ಸವದತ್ತಿಯ ಹೆಸರು ಹೇಳಿ ಬಂದವರು ಒಂದೇ ಹೊತ್ತಿಗೆ ಹಲವು ದೇಶಗಳ ವಿಳಾಸಗಳಿಂದ ಬಂದಿದ್ದರು. ಅದಕ್ಕಿಂತ ದೊಡ್ಡ ಸಂಗತಿ ಆಮೇಲೆ ಹೊಳೆಯಿತು. ರಸ್ತೆ ಅಗೆಯುವಾಗ ಕೇಬಲ್ ಕಡಿದು, ಸವದತ್ತಿ ಅಂಗಡಿಯ ಫೋನ್ ಆ ವಾರವೆಲ್ಲ ಸತ್ತಿತ್ತು. ನಾನೇ ದಿನಾ ಹಚ್ಚಿ ಹಚ್ಚಿ ಸೋತಿದ್ದೆ. ಫೋನಿಲ್ಲದೆ ಮೋಡೆಮ್ ಇಲ್ಲ, ಮೋಡೆಮ್ ಇಲ್ಲದೆ ಮೇಲ್ ಇಲ್ಲ. ಕಾಕು ಕಳಿಸಿಲ್ಲ ಅನ್ನುವುದು ಖಾತ್ರಿಯಾಯಿತು. ಆದರೆ ಕೊಟ್ಟಿಲ್ಲ ಅನ್ನುವುದು ಹೇಗೆ ಖಾತ್ರಿಯಾಗಬೇಕು?

ಸುದ್ದಿ ಕಂಡಕ್ಟರರ ಬಾಯಿಂದಲೇ ಸವದತ್ತಿ ಮುಟ್ಟಿರಬೇಕು. ಮರುದಿನ ಮೊದಲ ಬಸ್ಸಿಗೇ ಕಾಕು ಬಂದರು. ಯಾವತ್ತೂ ರೊಟ್ಟಿಯ ಗಂಟಿಲ್ಲದೆ ಬಂದವರಲ್ಲ, ಅವತ್ತು ಬರಿಗೈಯಲ್ಲಿ ಬಂದಿದ್ದರು. ನೂಲಿನ ಕೋಣೆಯ ಹೊಸ್ತಿಲಲ್ಲೇ ನಿಂತರು.

"ನಾ ಅಂಥಾದ್ದ ಬರೀತೇನೇನ್ರಿ ಬಾಯಾರ? ಅದರಾಗ ಏನ ಬರದಾರ ಅನ್ನೂದರ ನನಗ ತಿಳೀತೈತೇನ್ರಿ?"

"ಕಾಕು, ಒಳಗ ಬರ್ರಿ, ಕುಂದರ್ರಿ. ನೀವ್ ಬರದಿಲ್ಲ ಅಂತ ನನಗ ಗೊತ್ತೈತಿ. ನಿಮ್ಮ ಪಾಸ್‌ವರ್ಡ್ ಯಾರಿಗರ ಹೇಳೀರೇನು?"

ಕಾಕು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಹೇಳೂದೇನ್ರಿ ಅದರಾಗ? ಊರ ಹೆಸರ ಐತಲ್ರಿ."

"ಊರ ಹೆಸರು?"

"ಎಲ್ಲಾರೂ ಹಂಗ ಇಟ್ಟೇವ್ರಿ. ನೀವ್ ಕೊಟ್ಟಿದ್ದ ಯಾರಿಗೆ ನೆನಪ ಉಳೀತೈತ್ರಿ? ನಾ ರಾಮದುರ್ಗಕ್ಕ ಹ್ವಾದ್ರ ಕಿತ್ತೂರವ್ರು ಬಂದು ಅಂಗಡಿ ನೋಡ್ಕೋತಾರ. ಅವ್ರು ಊರಿಗೆ ಹ್ವಾದ್ರ ನಾ ಹೋಗತೇನಿ. ಪಾಳಿ ಬಂದಾವ್ರಿಗೆ ಮೇಲ್ ತೆಗ್ಯಾಕ ಬರಬೇಕಲ್ರಿ. ಅದಕ್ಕ ಮೀಟಿಂಗಿಗೆ ಕೂಡಿದಾಗ ಎಲ್ಲಾರೂ ಮಾತಾಡಿ, ಯಾವ ಊರಿನ ಪೆಟಗಿಗೆ ಆ ಊರಿನ ಹೆಸರ ಅಂತ ಮಾಡಿದ್ವಿ. ನಮ್ಮ ನಮ್ಮೊಳಗ ಏನ ಮುಚ್ಚಿಡೂದ್ರಿ?"

ಇದರಲ್ಲಿ ಆಶ್ಚರ್ಯಪಡುವಂಥದೇನೂ ಇರಲಿಲ್ಲ. ಕಾಕು ಊರಲ್ಲಿರಲಿ, ಬಿಡಲಿ, ಅವರ ಅಂಗಡಿಯ ಕೀಲಿಕೈ ಯಾವಾಗಲೂ ಎದುರಿನ ಹೂವಿನವರ ಮೊಳೆಯಲ್ಲೇ ನೇತಾಡುತ್ತಿತ್ತು. ಕಿತ್ತೂರಿನವರು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಇಡುತ್ತಿದ್ದರು. ಒಬ್ಬರ ಪಾಳಿ ಇನ್ನೊಬ್ಬರು ಹೊತ್ತುಕೊಂಡು, ಯಾರಿಗೂ ರಜೆ ತಪ್ಪದಂತೆ ಒಕ್ಕೂಟ ನಡೆಯುತ್ತಿದ್ದುದೇ ಹಾಗೆ. ಆದರೆ ಪಾಸ್‌ವರ್ಡ್ ಊಹಿಸುವ ಕಳ್ಳ ಪ್ರೋಗ್ರಾಮುಗಳು ಎಲ್ಲಕ್ಕಿಂತ ಮೊದಲು ಪ್ರಯತ್ನಿಸುವುದೇ ಪೆಟ್ಟಿಗೆಯ ಹೆಸರನ್ನು. ಸವದತ್ತಿಯ ಮೇಲ್ ವಿಳಾಸ ನಮ್ಮ ವೆಬ್ ಪುಟದಲ್ಲಿ ಎಲ್ಲರಿಗೂ ಕಾಣುವಂತಿತ್ತು, ಸೀರೆ ಬೇಕಾದವರು ಬರೆಯಲಿ ಅಂತ. ಉಳಿದವರ ವಿಳಾಸ ಅಲ್ಲಿರಲಿಲ್ಲ. ಕಾಕುವಿನ ಪೆಟ್ಟಿಗೆಯೇ ಸಿಕ್ಕಿಬಿದ್ದದ್ದಕ್ಕೆ ಕಾರಣ ಅಷ್ಟೇ.

ಸೋಮವಾರ ನಿರ್ದೇಶಕರೆಲ್ಲ ಬಂದರು. ಕಾಕು ಗೋಡೆಗೆ ಒರಗಿ, ಸೆರಗು ಹೊದ್ದು ಕುಳಿತಿದ್ದರು. ನಾನು ಸತ್ತ ಫೋನಿನ ಮಾತು ಹೇಳಿದೆ, ಬೇರೆ ಬೇರೆ ದೇಶಗಳ ಮಾತು ಹೇಳಿದೆ. ಅಧ್ಯಕ್ಷರು ತಲೆಯಾಡಿಸಿದರು.

"ಆತಲ್ರಿ, ಆಕಿ ಕಳಿಸಿಲ್ಲ. ಆದ್ರ ಕೀಲಿ ಹೊರಗಿನವ್ರ ಕೈಗೆ ಹೆಂಗ ಹೋತು? ಆಕಿ ಕೊಡಲಿಲ್ಲಂದ್ರ ಅವ್ರಿಗೆ ಕನಸ ಬಿತ್ತೇನು?"

ನಾನು ಏನು ಮಾಡಬೇಕೆಂದು ಹಿಂದಿನ ರಾತ್ರಿಯೇ ಯೋಚಿಸಿದ್ದೆ, ಆದರೆ ನಡೆಯುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಅಧ್ಯಕ್ಷರಿಗೂ ನಿರ್ದೇಶಕರಿಗೂ ಒಂದೊಂದು ಪೆಟ್ಟಿಗೆ ಇತ್ತು. ಊರ ಹೆಸರು ಇಡುವ ಮಾತಾದ ಆ ಮೀಟಿಂಗಿನಲ್ಲಿ ಅಧ್ಯಕ್ಷರೂ ಇದ್ದರು. ಆದರೆ ಅವರು ಊರ ಹೆಸರೇ ಇಟ್ಟಿದ್ದಾರೆಯೇ, ಇಟ್ಟಿದ್ದರೆ ಯಾವ ಊರು? ತಪ್ಪಿದರೆ ಕಾಕುವಿನ ಕಥೆ ಮುಗಿದಂತೆ. ಸರ್ವರನ್ನು ಕಚೇರಿಯೊಳಗಿನ ತಂತಿಗಷ್ಟೇ ಹಚ್ಚಿ, ಮಾನಿಟರನ್ನು ಎಲ್ಲರ ಕಡೆ ತಿರುಗಿಸಿದೆ.

"ಸಾಹೇಬ್ರ, ನಿಮ್ಮ ಪಾಸ್‌ವರ್ಡ್ ನನಗ ಯಾವತ್ತರ ಹೇಳೀರೇನ್ರಿ?"

"ಇಲ್ಲ."

"ನಿಮ್ಮ ಪೆಟಗಿ ತೆಗೀಲೇನ್ರಿ?"

ಅವರು ನಕ್ಕರು. "ತಗೀರಿ ನೋಡೂಣು."

ಪೆಟ್ಟಿಗೆಯ ಹೆಸರು ಹಾಕಿದೆ. ಪಾಸ್‌ವರ್ಡಿನ ಜಾಗದಲ್ಲಿ ದೊಡವಾಡ ಎಂದು ಒತ್ತಿದೆ. ನಮ್ಮ ಯಂತ್ರ ನಿಧಾನ, ತೆರೆಯಲು ಹೊತ್ತು ಹಿಡಿಯಿತು. ಆಮೇಲೆ ಅಧ್ಯಕ್ಷರ ಮೇಲ್‌ಗಳು ಪರದೆಯ ಮೇಲೆ ಸಾಲಾಗಿ ಮೂಡಿದವು. ಮೊದಲನೆಯದು ಅವರ ಬೀಗರದು, ಮನೋಳಿಯ ಹೊಲದ ಬಗ್ಗೆ. ನಾನು ತಟ್ಟನೆ ಮುಚ್ಚಿದೆ.

"ನಿಮ್ಮ ಕೀಲಿ ನನಗ ಯಾರೂ ಕೊಡಲಿಲ್ರಿ ಸಾಹೇಬ್ರ" ಅಂದೆ. "ಕಾಕುದೂ ಯಾರೂ ಕೊಟ್ಟಿಲ್ಲ."

ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಪಾಸ್‌ವರ್ಡ್‌ಗಳೂ ಅವರವರ ಊರುಗಳೇ ಅಂತ ಆ ಮುಖಗಳಲ್ಲೇ ಗೊತ್ತಾಗುತ್ತಿತ್ತು. ಅಧ್ಯಕ್ಷರ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಎದ್ದು ಕಾಕುವಿನ ಕಡೆ ತಿರುಗಿದರು.

"ಕಾಕು, ನಂದ ತಪ್ಪಾತ್ರಿ. ಅಂಗಡಿ ನಿಮ್ಮದ."

ಕಾಕು ಕೈ ಮುಗಿದರು. ಆದರೆ ಸಂತೋಷಪಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಅಂದರು, "ಎಲ್ಲಾರದೂ ಒಂದ ತರಾ ಇತ್ತಲ್ರಿ. ನನ್ನ ಹೆಸರ ಯಾಕ ಅಂದ್ರು ಮೊದಲ?"

ಮುಂದಿನ ಕೆಲಸ ಉದ್ದವಾಗಿತ್ತು. ಸರತಿಯಲ್ಲಿದ್ದ ಕಸವನ್ನೆಲ್ಲ ಅಳಿಸಿದೆ. ಒಂದು ಪೆಟ್ಟಿಗೆಯಿಂದ ತಾಸಿಗೆ ಇಷ್ಟೇ ಮೇಲ್ ಹೋಗಬೇಕು ಅಂತ ಮಿತಿ ಹಾಕಿದೆ. ತಪ್ಪು ಪಾಸ್‌ವರ್ಡ್ ಹೇಳುತ್ತಲೇ ಹೋಗುವ ವಿಳಾಸಕ್ಕೆ ಬಾಗಿಲು ಮುಚ್ಚುವ ಸಣ್ಣ ಪ್ರೋಗ್ರಾಮ್ ಬರೆದೆ. ಕಸ ಕಳಿಸುವವರ ಕಪ್ಪುಪಟ್ಟಿಗಳಲ್ಲಿ ನಮ್ಮ ವಿಳಾಸ ಸೇರಿಹೋಗಿತ್ತು. ಅದನ್ನು ತೆಗೆಸಲು ಒಂದೊಂದು ಕಡೆಗೂ ಅರ್ಜಿ ಬರೆದು ಕಾಯಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಹಳೆಯ ಪಾಸ್‌ವರ್ಡ್‌ಗಳನ್ನು ರದ್ದು ಮಾಡಿ ಎಲ್ಲ ಪೆಟ್ಟಿಗೆಗಳಿಗೂ ಬೀಗ ಜಡಿದೆ, ಅಧ್ಯಕ್ಷರದ್ದೂ ಸೇರಿಸಿ. ಪಾಳಿ ಪದ್ಧತಿ ಮುರಿಯಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಪೆಟ್ಟಿಗೆ ಎಲ್ಲರಿಗೂ ತೆರೆಯುವಂತಿರಲಿ, ಆದರೆ ಪ್ರತಿಯೊಬ್ಬರಿಗೂ ಅವರದೇ ಬೇರೆ ಕೀಲಿ ಇರಲಿ ಎಂದು ಏರ್ಪಾಡು ಮಾಡಿದೆ. ಫೋನಿನಲ್ಲಿ ಹೇಳಿದರೆ ಅಂಗಡಿಯ ಗಿರಾಕಿಗಳೂ ಕೇಳುತ್ತಾರೆ, ಅದಕ್ಕೇ ಊರೂರಿಗೆ ಬಸ್ಸಿನಲ್ಲಿ ನಾನೇ ಹೊರಟೆ.

"ನಿಮಗ ಅಷ್ಟ ಗೊತ್ತಿರೂದ ಇಡ್ರಿ. ಯಾರಿಗೂ ಹೇಳಬ್ಯಾಡ್ರಿ, ನನಗೂ ಹೇಳಬ್ಯಾಡ್ರಿ" ಎಂದು ಎಲ್ಲ ಕಡೆ ಒಂದೇ ಪಾಠ. ಕಿತ್ತೂರಿನವರು ಪಾಸ್‌ವರ್ಡ್ ಟೈಪ್ ಮಾಡುವಾಗ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ರಾಮದುರ್ಗದ ಮ್ಯಾನೇಜರರು ನನಗೇ ತೋರಿಸಿ "ಇದು ಛಲೋ ಐತೇನ್ರಿ?" ಅಂತ ಕೇಳಿದರು. ನಾನು ಹಣೆ ಚಚ್ಚಿಕೊಂಡು ಮತ್ತೆ ಹೊಸದು ಹಾಕಿಸಿದೆ.

ಮರಳುವಾಗ ಸವದತ್ತಿಯಲ್ಲಿ ಇಳಿದೆ. ಕಾಕು ಅಂಗಡಿಯಲ್ಲಿದ್ದರು. ಹೊಸ ಪುಟ ತೆರೆದು ಕೊಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತು, ಬೆರಳನ್ನು ಕೀಲಿಮಣೆಯ ಮೇಲೆ ತಂದು, ತಡೆದರು.

"ಬಾಯಾರ, ಆ ಕಡೆ ತಿರಗ್ರಿ."

ನಾನು ಬೀದಿಯ ಕಡೆ ತಿರುಗಿ ನಿಂತೆ. ಎದುರಿಗೆ ಹೂವಿನವರು ಮಾಲೆ ಕಟ್ಟುತ್ತಿದ್ದರು. ಅವರ ಪಕ್ಕದ ಮೊಳೆ ಖಾಲಿಯಾಗಿತ್ತು, ಅಂಗಡಿಯ ಕೀಲಿಕೈ ಅಲ್ಲಿರಲಿಲ್ಲ. ಹಿಂದೆ ಒಂದೇ ಬೆರಳು ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ಅಕ್ಷರ ಹುಡುಕುವಾಗಿನ ಗೊಣಗಾಟ ಮಾತ್ರ ಇರಲಿಲ್ಲ, ಬಾಯಿ ಬಿಗಿಹಿಡಿದು ಒತ್ತುತ್ತಿದ್ದರು. ನಾನು ಹೇಳಿದ ಪಾಠವನ್ನು ಇಡೀ ಒಕ್ಕೂಟದಲ್ಲಿ ಸರಿಯಾಗಿ ಕಲಿತವರು ಅವರೊಬ್ಬರೇ. ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ.

"ಆತ್ರಿ. ಈ ಕಡೆ ತಿರಗ್ರಿ. ರೊಟ್ಟಿ ಮಾಡೇನಿ, ಉಂಡ ಹೋಗ್ರಿ" ಅಂದರು ಕಾಕು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎಂದಿನಂತೆ ಬಡಿಸಿದರು, ಎಂದಿನಂತೆ ಒತ್ತಾಯ ಮಾಡಿದರು.

ಆ ಸರ್ವರ್ ಆಮೇಲೆ ವರ್ಷಗಟ್ಟಲೆ ನಡೆಯಿತು. ಕಸ ಕಳಿಸಿದ ಕೆಟ್ಟ ಹೆಸರು ಮತ್ತೆ ಬರಲಿಲ್ಲ. ಕೊನೆಗೆ ದೊಡ್ಡ ಕಂಪನಿಗಳು ಪುಕ್ಕಟೆ ಮೇಲ್ ಕೊಡುವ ಕಾಲ ಬಂತು. ಯಂತ್ರವೂ ಸುಸ್ತಾಗಿತ್ತು. ಮುಚ್ಚುವುದೆಂದು ತೀರ್ಮಾನವಾಯಿತು. ಹಳೆಯ ಮೇಲ್‌ಗಳನ್ನು ಹೊಸ ಕಡೆಗೆ ಸಾಗಿಸಲು ಎಲ್ಲರ ಪಾಸ್‌ವರ್ಡ್ ಬೇಕಾಗಿತ್ತು. ನಾನು ಮನಸ್ಸು ಮಾಡಿದ್ದರೆ ಎಲ್ಲವನ್ನೂ ಬದಲಿಸಿಬಿಡಬಹುದಿತ್ತು, ಆದರೂ ಫೋನ್ ಹಚ್ಚಿ ಕೇಳಿದೆ. ಕಿತ್ತೂರಿನವರೂ ರಾಮದುರ್ಗದವರೂ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಅಧ್ಯಕ್ಷರು ಹೇಳಿದ್ದು ಕೇಳಿ ನಗು ಬಂತು, ದೊಡವಾಡದ ಮುಂದೆ ಒಂದು ಅಂಕಿ ಸೇರಿತ್ತು, ಅಷ್ಟೇ.

ಕಾಕು ಮಾತ್ರ ಹೇಳಲಿಲ್ಲ. "ನನಗೂ ಹೇಳಬ್ಯಾಡ್ರಿ ಅಂದಾವ್ರು ನೀವ ಅಲ್ರಿ? ನಾಳಿ ನಾನ ಬರತೇನಿ ತಗೋರಿ" ಅಂದರು.

ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ರೊಟ್ಟಿಯ ಗಂಟಿತ್ತು. ನೂಲಿನ ಕೋಣೆಯಲ್ಲಿ ಸರ್ವರಿನ ಮುಂದೆ ಕುರ್ಚಿ ಹಾಕಿ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಕೀಲಿಮಣೆಯ ಮೇಲೆ ಬೆರಳು ತಂದರು. ಅವರು ಹೇಳುವ ಮೊದಲೇ ನಾನು ಆ ಕಡೆ ತಿರುಗಿದೆ.